ಲೇತ್ ಇಟ್ಟುಕೊಂಡಿದ್ದ ಸರ್ಜನ್: ಸರ್ ಜಾನ್ ಚಾರ್ನ್ಲಿ

ಹೋದ ವರ್ಷ ನಮ್ಮಜ್ಜಿಗೆ ಸೊಂಟದ ಕೀಲು ಬದಲಾಯಿಸೋ ಆಪರೇಷನ್ ಆಯ್ತು. ಎರಡು ದಿನ ಆದ ಮೇಲೆ ಮೂಳೆ ಡಾಕ್ಟರ್ ಎಕ್ಸ್‌ರೇ ಹಿಡಿದು ತೋರಿಸಿದರು. ತೊಡೆ ಮೂಳೆಯ ಒಳಗೆ ಬೆಳ್ಳಗೆ ಹೊಳೆಯೋ ಒಂದು ಲೋಹದ ಕಂಬಿ, ಅದರ ತುದಿಯಲ್ಲಿ ಒಂದು ಗುಂಡು, ಮೇಲೆ ಒಂದು ಬಟ್ಟಲು. ಆದರೆ ಗುಂಡು ಬಟ್ಟಲಿಗೆ ತಾಗಿರಲಿಲ್ಲ. ಮಧ್ಯೆ ಒಂದಿಷ್ಟು ಕಪ್ಪು ಜಾಗ. ಗುಂಡು ಗಾಳಿಯಲ್ಲಿ ನಿಂತ ಹಾಗೆ ಇತ್ತು. ಅಜ್ಜಿ ನನ್ನ ಮುಖ ನೋಡಿ, ಇಂಜಿನಿಯರಿಂಗ್ ಓದ್ತೀಯಲ್ಲ, ಇದು ಯಾಕೆ ಬೀಳಲ್ಲ ಹೇಳು ಅಂದರು. ನನಗೆ ಗೊತ್ತಿರಲಿಲ್ಲ. ಡಾಕ್ಟರ್ ನಕ್ಕು, ಅಲ್ಲಿ ಪ್ಲಾಸ್ಟಿಕ್ ಇದೆ, ಎಕ್ಸ್‌ರೇಯಲ್ಲಿ ಕಾಣಲ್ಲ ಅಂದರು.

ಆ ಕಾಣದ ಪ್ಲಾಸ್ಟಿಕ್ ಅಲ್ಲಿಗೆ ಹೇಗೆ ಬಂತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ ಹೆಸರು ಸರ್ ಜಾನ್ ಚಾರ್ನ್ಲಿ. ಮೆಡಿಕಲ್ ಓದೋರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆದರೆ ನನ್ನ ಪ್ರಕಾರ ಇವರ ಕಥೆಯನ್ನ ಮೊದಲು ಓದಬೇಕಾದವರು ನಾವು, ಇಂಜಿನಿಯರಿಂಗ್ ಸ್ಟೂಡೆಂಟ್ಸ್. ಯಾಕೆ ಅಂತ ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತೆ.

ಹುಟ್ಟು, ಓದು, ಯುದ್ಧ

ಜಾನ್ ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದ ಬರಿ ಅನ್ನೋ ಊರಲ್ಲಿ. ಲ್ಯಾಂಕಷೈರ್ ಅಂದರೆ ಹತ್ತಿ ಗಿರಣಿಗಳ ನಾಡು. ಎಲ್ಲಿ ನೋಡಿದರೂ ಮಗ್ಗ, ಗೇರು, ಮೆಷಿನ್ ಶಾಪ್. ಈ ವಿಷಯ ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಬೇಕಾಗುತ್ತೆ. ಅವರ ತಂದೆ ಔಷಧಿ ಅಂಗಡಿ ಇಟ್ಟಿದ್ದರು, ತಾಯಿ ನರ್ಸ್ ಆಗಿದ್ದವರು. ಮಗ ಬರಿ ಗ್ರಾಮರ್ ಸ್ಕೂಲಿನಲ್ಲಿ ಓದಿ ಮ್ಯಾಂಚೆಸ್ಟರ್‌ನಲ್ಲಿ ಮೆಡಿಕಲ್ ಸೇರಿದ. 1935ರಲ್ಲಿ ಡಾಕ್ಟರ್ ಆದರು. ಮರುವರ್ಷವೇ, ಇನ್ನೂ ಇಪ್ಪತ್ತೈದು ತುಂಬೋ ವಯಸ್ಸಿನಲ್ಲಿ, ಸರ್ಜನ್‌ಗಳ ದೊಡ್ಡ ಪರೀಕ್ಷೆಯಾದ ಎಫ್‌ಆರ್‌ಸಿಎಸ್ ಕೂಡ ಪಾಸಾದರು.

ಹಾಗೇ ಬಿಟ್ಟಿದ್ದರೆ ಒಬ್ಬ ಒಳ್ಳೆ ಸರ್ಜನ್ ಆಗಿ ಮುಗಿಯುತ್ತಿದ್ದರೇನೋ. ಆದರೆ ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಅವರು ಸೈನ್ಯದ ವೈದ್ಯಕೀಯ ವಿಭಾಗ ಸೇರಿದರು. ಡಂಕರ್ಕ್‌ನಿಂದ ಸೈನಿಕರನ್ನ ಸ್ಥಳಾಂತರಿಸಿದ ಸಮಯದಲ್ಲೂ ಇದ್ದರು. ಆಮೇಲೆ ಅವರನ್ನ ಈಜಿಪ್ಟಿನ ಕೈರೋಗೆ ಕಳಿಸಿದರು. ಅಲ್ಲಿ ಗಾಯಗೊಂಡ ಸೈನಿಕರ ಮುರಿದ ಕೈಕಾಲು ಹಿಡಿದಿಡೋ ಸ್ಪ್ಲಿಂಟ್‌ಗಳು, ಆಪರೇಷನ್ ಉಪಕರಣಗಳು ಬೇಕಿದ್ದವು. ಚಾರ್ನ್ಲಿ ಸೈನ್ಯದ ವರ್ಕ್‌ಶಾಪಿನ ಇಂಜಿನಿಯರ್‌ಗಳ ಜೊತೆ ಕೂತು ಅವನ್ನ ಡಿಸೈನ್ ಮಾಡೋಕೆ ಶುರು ಮಾಡಿದರು. ಡ್ರಾಯಿಂಗ್ ಮಾಡೋದು, ತುಂಡು ಕತ್ತರಿಸೋದು, ಕೂಡಿಸಿ ನೋಡೋದು, ಸರಿ ಇಲ್ಲ ಅಂದರೆ ಮತ್ತೆ ಮಾಡೋದು. ಅವರಿಗೆ ಆ ಕೆಲಸದ ರುಚಿ ಹತ್ತಿದ್ದು ಅಲ್ಲೇ. ಯುದ್ಧ ಮುಗಿಸಿ ಬಂದವರು ಮನೆಯಲ್ಲೇ ಒಂದು ವರ್ಕ್‌ಶಾಪ್ ಮಾಡಿಕೊಂಡರು, ಲೇತ್ ಸಮೇತ. ಹಗಲು ಆಪರೇಷನ್ ಥಿಯೇಟರ್, ಬಿಡುವಾದಾಗ ಲೇತ್.

ಅವರ ಸ್ವಭಾವ ಗೊತ್ತಾಗೋಕೆ ಒಂದು ಘಟನೆ ಸಾಕು. ಯುದ್ಧದ ನಂತರ ಆಸ್ವೆಸ್ಟ್ರಿ ಅನ್ನೋ ಊರಿನ ಮೂಳೆ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಇದ್ದಾಗ ಅವರಿಗೆ ಮೂಳೆ ಕಸಿ ಹೇಗೆ ಹಿಡಿಯುತ್ತೆ ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿತು. ಪ್ರಯೋಗ ಯಾರ ಮೇಲೆ ಮಾಡೋದು? ಸಹೋದ್ಯೋಗಿಯೊಬ್ಬರನ್ನ ಒಪ್ಪಿಸಿ ತಮ್ಮ ಕಾಲಿನ ಮೂಳೆಯ ಮೇಲೇ ಮಾಡಿಸಿಕೊಂಡರು. ಅದಕ್ಕೆ ಸೋಂಕು ಹತ್ತಿ, ಮತ್ತೆ ಆಪರೇಷನ್ ಮಾಡಿಸಿಕೊಂಡು, ಒಂದಷ್ಟು ದಿನ ನರಳಿದರು. ಬುದ್ಧಿವಂತ ಕೆಲಸ ಅಂತ ನಾನು ಹೇಳಲ್ಲ. ಆದರೆ ಬೇರೆಯವರ ಮೈಮೇಲೆ ಹಾಕೋದಕ್ಕೆ ಮುಂಚೆ ತನ್ನ ಮೈಮೇಲೆ ಹಾಕ್ಕೊಂಡು ನೋಡೋ ಈ ಹಠ ಇನ್ನೊಂದು ಸಲ ಬರುತ್ತೆ.

1950ರಲ್ಲಿ ಅವರು ಮೂಳೆ ಮುರಿತವನ್ನ ಆಪರೇಷನ್ ಇಲ್ಲದೆ ಕೂರಿಸೋದರ ಬಗ್ಗೆ ಬರೆದ ಪುಸ್ತಕ ಪ್ರಪಂಚದ ಮೂಳೆ ಡಾಕ್ಟರ್‌ಗಳ ಕೈಪಿಡಿಯಾಯ್ತು. ಹಾಳಾದ ಮಂಡಿಯ ಎರಡು ಮೂಳೆಗಳನ್ನ ಹೊರಗಿನಿಂದ ಸ್ಕ್ರೂ ಹಾಕಿ ಒತ್ತಿ ಹಿಡಿದು ಒಂದೇ ಮೂಳೆಯಾಗಿ ಬೆಸೆಯೋ ವಿಧಾನದಿಂದಲೂ ಹೆಸರು ಮಾಡಿದರು. ನೋವು ಹೋಗುತ್ತಿತ್ತು, ಆದರೆ ಮಂಡಿ ಮಡಚೋಕೆ ಆಗುತ್ತಿರಲಿಲ್ಲ. ಆ ಕಾಲದಲ್ಲಿ ಕೀಲು ಹೋದವರಿಗೆ ಸಿಗುತ್ತಿದ್ದ ಆಯ್ಕೆ ಹೆಚ್ಚುಕಡಿಮೆ ಅಷ್ಟೇ: ಒಂದೋ ನೋವು, ಇಲ್ಲಾ ಬಿಗಿದ ಕಾಲು.

ಕಿರ್ ಕಿರ್ ಅನ್ನೋ ಸೊಂಟ

ಕೃತಕ ಕೀಲು ಚಾರ್ನ್ಲಿ ಅವರೇ ಮೊದಲು ಯೋಚಿಸಿದ್ದಲ್ಲ. 1890ರ ಹೊತ್ತಿಗೇ ಬರ್ಲಿನ್‌ನಲ್ಲಿ ಗ್ಲುಕ್ ಅನ್ನೋ ಸರ್ಜನ್ ಆನೆದಂತದಿಂದ ಕೀಲು ಮಾಡಿ ಹಾಕಿದ್ದರು. 1938ರಲ್ಲಿ ಲಂಡನ್ನಿನಲ್ಲಿ ವೈಲ್ಸ್ ಅನ್ನೋರು ಸ್ಟೀಲಿನದು ಹಾಕಿದ್ದರು. 1946ರಲ್ಲಿ ಪ್ಯಾರಿಸ್‌ನ ಜುಡೆ ಸಹೋದರರು ತೊಡೆ ಮೂಳೆಯ ತಲೆಯನ್ನ ಅಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತಿತ್ತು, ಕೆಲವು ವರ್ಷದಲ್ಲಿ ಸಡಿಲ ಆಗಿಬಿಡುತ್ತಿತ್ತು.

ಚಾರ್ನ್ಲಿ ಅವರ ಹತ್ತಿರ ಹೀಗೆ ಅಕ್ರಿಲಿಕ್ ತಲೆ ಹಾಕಿಸಿಕೊಂಡಿದ್ದ ಒಬ್ಬ ಪೇಷಂಟ್ ಬಂದ. ಅವನ ಸೊಂಟ ಕಿರ್ ಅಂತ ಸದ್ದು ಮಾಡುತ್ತಿತ್ತು. ಊಟದ ಟೇಬಲ್ ಮೇಲೆ ಮುಂದಕ್ಕೆ ಬಗ್ಗಿದಾಗಲೆಲ್ಲ ಕಿರ್. ಅವನ ಹೆಂಡತಿಗೆ ಅದನ್ನ ಕೇಳೋಕೆ ಆಗದೆ ಎದ್ದು ಹೋಗುತ್ತಿದ್ದಳಂತೆ. ಬೇರೆ ಡಾಕ್ಟರ್ ಆಗಿದ್ದರೆ ಇದನ್ನ ತಮಾಷೆ ಅಂತ ಬಿಡುತ್ತಿದ್ದರು. ಚಾರ್ನ್ಲಿ ಮೆಕ್ಯಾನಿಕ್ ತಲೆಯಿಂದ ಯೋಚಿಸಿದರು. ಸದ್ದು ಬರುತ್ತೆ ಅಂದರೆ ಘರ್ಷಣೆ ಜಾಸ್ತಿ ಇದೆ. ಘರ್ಷಣೆ ಜಾಸ್ತಿ ಇದ್ದರೆ ಪ್ರತಿ ಹೆಜ್ಜೆಗೂ ಗುಂಡು ಬಟ್ಟಲನ್ನ, ಬಟ್ಟಲು ಗುಂಡನ್ನ ತಿರುಚುತ್ತೆ. ಕೊನೆಗೆ ಮೂಳೆಗೂ ಲೋಹಕ್ಕೂ ಇರೋ ಹಿಡಿತ ಸಡಿಲ ಆಗುತ್ತೆ. ಹಾಗಾದರೆ ನಿಜವಾದ ಕೀಲಿನಲ್ಲಿ ಎಷ್ಟು ಘರ್ಷಣೆ ಇದೆ?

ಅವರೇ ಅಳೆದು ನೋಡಿದರು. ಆರೋಗ್ಯವಾದ ಕೀಲಿನ ಘರ್ಷಣಾಂಕ 0.02ಕ್ಕಿಂತ ಕಡಿಮೆ. ಐಸ್ ಮೇಲೆ ಸ್ಕೇಟ್ ಜಾರೋದಕ್ಕಿಂತಲೂ ನಯ! ಮೂಳೆಯ ತುದಿಗಿರೋ ಕಾರ್ಟಿಲೇಜ್ ಮತ್ತು ಕೀಲಿನ ದ್ರವ ಸೇರಿ ಈ ನಯ ಕೊಡುತ್ತವೆ. ಕಾರ್ಟಿಲೇಜ್ ಸವೆದರೆ ಅದೇ ಸಂಧಿವಾತ. ಆ ದ್ರವ ಕಾರ್ಟಿಲೇಜ್ ಜೊತೆಗೆ ಚೆನ್ನಾಗಿ ಕೆಲಸ ಮಾಡುತ್ತೆ, ಬೇರೆ ವಸ್ತುವಿನ ಮೇಲೆ ಅದನ್ನ ನಂಬೋ ಹಾಗಿಲ್ಲ ಅನ್ನೋ ತೀರ್ಮಾನಕ್ಕೆ ಅವರು ಬಂದರು. ಅಂದರೆ ಕೃತಕ ಕೀಲಿಗೆ ಎಣ್ಣೆಯೇ ಬೇಡದ, ತಾನಾಗಿಯೇ ಜಾರೋ ವಸ್ತು ಬೇಕು.

ಆಗ ಗೊತ್ತಿದ್ದ ಅತಿ ಜಾರೋ ಘನವಸ್ತು ಯಾವುದು? ನಮ್ಮ ಮನೆಯ ನಾನ್‌ಸ್ಟಿಕ್ ದೋಸೆ ತವಾದ ಮೇಲೆ ಇರೋದೇ. ಟೆಫ್ಲಾನ್, ಅಂದರೆ ಪಿಟಿಎಫ್‌ಇ.

ಮೂರು ಒಳ್ಳೆ ಐಡಿಯಾ

1958ರ ಹೊತ್ತಿಗೆ ಅವರು ಟೆಫ್ಲಾನ್ ಹಿಡಿದು ಕೆಲಸ ಶುರು ಮಾಡಿದರು. ಮೊದಲು ಸವೆದ ಕಾರ್ಟಿಲೇಜ್ ಜಾಗಕ್ಕೆ ಎರಡೂ ಕಡೆ ಟೆಫ್ಲಾನ್ ಚಿಪ್ಪು ತೊಡಿಸಿ ನೋಡಿದರು, ಅದು ನಡೀಲಿಲ್ಲ. ಆಮೇಲೆ ತೊಡೆ ಮೂಳೆಯ ಕಡೆ ಲೋಹದ ಗುಂಡು, ಸೊಂಟದ ಕಡೆ ಟೆಫ್ಲಾನ್ ಬಟ್ಟಲು ಅಂತ ಬದಲಾಯಿಸಿದರು. ಬಟ್ಟಲುಗಳನ್ನ ಮನೆಯ ಲೇತ್ ಮೇಲೆ ತಾವೇ ಕೊರೆಯುತ್ತಿದ್ದರು. 1957ರಲ್ಲಷ್ಟೇ ಮದುವೆಯಾಗಿದ್ದರು, ನಲವತ್ತೈದು ದಾಟಿತ್ತು. ಹೊಸದಾಗಿ ಬಂದ ಹೆಂಡತಿ ಜಿಲ್ ಅವರಿಗೆ ಮನೆಯಲ್ಲಿ ಲೇತ್ ಸದ್ದು ಅಭ್ಯಾಸ ಮಾಡಿಕೊಳ್ಳಬೇಕಾಯ್ತು.

ಈ ಡಿಸೈನಿನಲ್ಲಿ ಮೂರು ಐಡಿಯಾ ಇದ್ದವು. ಒಂದು, ಲೋಹದ ಮೇಲೆ ಪ್ಲಾಸ್ಟಿಕ್ ಜಾರೋದು.

ಎರಡು, ಸಿಮೆಂಟ್. ಲೋಹದ ಕಂಬಿಯನ್ನ ಮೂಳೆಯೊಳಗೆ ಅಲ್ಲಾಡದ ಹಾಗೆ ಹಿಡಿಸೋದು ಹೇಗೆ? ಮ್ಯಾಂಚೆಸ್ಟರ್‌ನಲ್ಲಿ ಹಲ್ಲಿನ ಸಾಮಗ್ರಿಗಳ ಮೇಲೆ ಕೆಲಸ ಮಾಡುತ್ತಿದ್ದ ಡೆನಿಸ್ ಸ್ಮಿತ್ ಅವರ ಸಲಹೆ ಮೇರೆಗೆ ಹಲ್ಲಿನ ಸೆಟ್ ಮಾಡೋಕೆ ಬಳಸೋ ಅಕ್ರಿಲಿಕ್ಕನ್ನ ಕಲಸಿ ಮೂಳೆಯೊಳಗೆ ತುಂಬಿದರು. ಇದು ಅಂಟು ಅಂತ ಅನೇಕರು ಅಂದುಕೊಳ್ಳುತ್ತಾರೆ. ಅಂಟು ಅಲ್ಲ. ಬಾಗಿಲ ಚೌಕಟ್ಟು ನಿಲ್ಲಿಸಿ ಸುತ್ತ ಗಾರೆ ತುಂಬುತ್ತೀವಲ್ಲ, ಹಾಗೆ. ಮೂಳೆಯ ಒಳಗಿನ ಸಣ್ಣ ಸಣ್ಣ ಗೂಡುಗಳಿಗೆಲ್ಲ ಹೊಕ್ಕು ಗಟ್ಟಿಯಾಗಿ, ಭಾರವನ್ನ ಒಂದೆರಡು ಬಿಂದುವಿನ ಮೇಲೆ ಬಿಡದೆ ಇಡೀ ಮೂಳೆಗೆ ಹಂಚುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಟ್ರೆಸ್ ಕಡಿಮೆ ಮಾಡೋಕೆ ಏರಿಯಾ ಜಾಸ್ತಿ ಮಾಡಿದರು.

ಮೂರನೇದು ನನಗೆ ತುಂಬಾ ಇಷ್ಟ. ಗುಂಡು ಎಷ್ಟು ದೊಡ್ಡದಿರಬೇಕು? ಎಲ್ಲರೂ ನಿಜವಾದ ಮೂಳೆಯ ತಲೆಯಷ್ಟೇ ದೊಡ್ಡದು, 40 ಮಿಲಿಮೀಟರ್‌ಗಿಂತ ಜಾಸ್ತಿ, ಹಾಕುತ್ತಿದ್ದರು. ಚಾರ್ನ್ಲಿ ಅದನ್ನ ಕಡಿಮೆ ಮಾಡ್ತಾ ಮಾಡ್ತಾ 22.225 ಮಿಲಿಮೀಟರ್‌ಗೆ ತಂದರು. ಇದೇನು ವಿಚಿತ್ರ ಸಂಖ್ಯೆ ಅಂತೀರಾ? ಒಂದು ಇಂಚಿನ ಎಂಟು ಭಾಗದಲ್ಲಿ ಏಳು ಭಾಗ, ಅಷ್ಟೇ. ಈಗ ಲೆಕ್ಕ ಹಾಕಿ. ತಿರುಚೋ ಟಾರ್ಕ್ ಅಂದರೆ ಘರ್ಷಣಾಂಕ, ಭಾರ, ತ್ರಿಜ್ಯ, ಮೂರನ್ನೂ ಗುಣಿಸಿದ್ದು. ನಡೆಯುವಾಗ ಸೊಂಟದ ಮೇಲೆ ಬೀಳೋ ಭಾರ ಮೈತೂಕದ ಸುಮಾರು ಮೂರು ಪಟ್ಟು. 70 ಕೆ.ಜಿ. ಮನುಷ್ಯ ಅಂದರೆ ಸುಮಾರು 2100 ನ್ಯೂಟನ್. ಘರ್ಷಣಾಂಕ 0.05 ಅಂತ ಇಟ್ಟುಕೊಂಡರೆ, 42 ಮಿ.ಮೀ. ಗುಂಡಿಗೆ ಟಾರ್ಕ್ ಸುಮಾರು 2.2 ನ್ಯೂಟನ್ ಮೀಟರ್, ಚಾರ್ನ್ಲಿ ಗುಂಡಿಗೆ ಸುಮಾರು 1.2. ಹೆಚ್ಚುಕಡಿಮೆ ಅರ್ಧ! ಅದೂ ಅಲ್ಲದೆ ಗುಂಡು ಚಿಕ್ಕದಾದರೆ ಬಟ್ಟಲಿನ ಗೋಡೆ ದಪ್ಪ ಇಡಬಹುದು, ಸವೆಯೋಕೆ ಹೆಚ್ಚು ಜಾಗ. ಬಟ್ಟಲಿನ ಹೊರಮೈ ದೊಡ್ಡದಿದ್ದು ಒಳಗಿನ ಗುಂಡು ಚಿಕ್ಕದಿದ್ದರೆ ಗುಂಡು ಬಟ್ಟಲನ್ನ ತಿರುಗಿಸಿ ಸಡಿಲ ಮಾಡೋದೂ ಕಷ್ಟ. ಇದನ್ನ ಮೊದಲ ವರ್ಷದ ಮೆಕ್ಯಾನಿಕ್ಸ್ ಪೇಪರ್‌ನಲ್ಲಿ ಐದು ಮಾರ್ಕ್ಸಿಗೆ ಕೇಳಬಹುದು. ಆಗಿನ ಸರ್ಜನ್‌ಗಳಿಗೆ ಹೊಳೆದಿರಲಿಲ್ಲ.

ಈ ವಿಧಾನಕ್ಕೆ ಅವರು ಕಡಿಮೆ ಘರ್ಷಣೆಯ ಕೀಲು ಜೋಡಣೆ ಅನ್ನೋ ಅರ್ಥದ ಹೆಸರಿಟ್ಟರು. ವಿಗನ್ ಪಟ್ಟಣದ ಹತ್ತಿರ ರೈಟಿಂಗ್ಟನ್ ಅನ್ನೋ ಆಸ್ಪತ್ರೆ ಇತ್ತು, ಹಿಂದೆ ಕ್ಷಯರೋಗಿಗಳಿಗೆ ಅಂತ ಕಟ್ಟಿದ್ದು. ಕ್ಷಯ ಕಡಿಮೆಯಾಗಿ ಹಾಸಿಗೆಗಳು ಖಾಲಿ ಬಿದ್ದಿದ್ದವು. 1961ರಲ್ಲಿ ಅಲ್ಲಿ ಸೊಂಟದ ಕೀಲಿಗೇ ಅಂತ ಒಂದು ಕೇಂದ್ರ ಶುರುವಾಯ್ತು, ಜೊತೆಗೆ ಒಂದು ವರ್ಕ್‌ಶಾಪ್ ಲ್ಯಾಬ್. ಪೇಷಂಟ್‌ಗಳು ಆಪರೇಷನ್ ಆಗಿ ಎದ್ದು ನಡೆದರು. ನೋವಿಲ್ಲ! ವರ್ಷಗಟ್ಟಲೆ ನಿದ್ದೆ ಇಲ್ಲದೆ ನರಳಿದವರು ಕೋಲು ಬಿಟ್ಟರು. 1961ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಹೊಸ ಆಪರೇಷನ್ ಬಗ್ಗೆ ಅವರ ಲೇಖನ ಬಂತು.

ಎಲ್ಲ ಸರಿ ಹೋಯ್ತು ಅಂದುಕೊಳ್ಳೋ ಹೊತ್ತಿಗೆ ಎಲ್ಲ ಕೆಟ್ಟಿತು.

ಮುನ್ನೂರು ಜನ

ಒಂದು, ಎರಡು, ಮೂರು ವರ್ಷ ಆಗ್ತಾ ಬಂದ ಹಾಗೆ ಪೇಷಂಟ್‌ಗಳು ಒಬ್ಬೊಬ್ಬರಾಗಿ ವಾಪಸ್ ಬರೋಕೆ ಶುರು ಮಾಡಿದರು. ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನ ಒಳಕ್ಕೆ ಕೊರೆದುಕೊಂಡು ಹೋಗಿರೋದು ಕಾಣುತ್ತಿತ್ತು. ಟೆಫ್ಲಾನ್ ಜಾರುತ್ತಿತ್ತು ನಿಜ, ಆದರೆ ಸವೆಯುತ್ತಲೂ ಇತ್ತು, ಭಯಂಕರವಾಗಿ. ಸವೆದ ಪುಡಿ ಎಲ್ಲಿಗೆ ಹೋಗಬೇಕು? ದೇಹದೊಳಗೇ. ದೇಹ ಆ ಪುಡಿಯನ್ನ ಶತ್ರು ಅಂತ ಹೋರಾಡುತ್ತಿತ್ತು. ಕೀಲಿನ ಸುತ್ತ ಚೀಸ್ ತರಹದ ಮುದ್ದೆ ಸೇರಿ, ಪಕ್ಕದ ಮೂಳೆ ಕರಗಿ, ಹಾಕಿದ್ದೆಲ್ಲ ಸಡಿಲ ಆಗುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಘರ್ಷಣೆ ಬೇರೆ, ಸವೆತ ಬೇರೆ. ನಾವು ಇವೆರಡನ್ನ ಒಂದೇ ಅಂತ ಅಂದುಕೊಂಡಿರುತ್ತೀವಿ, ನಾನಂತೂ ಅಂದುಕೊಂಡಿದ್ದೆ. ಜಾರೋ ವಸ್ತು ಸವೆಯಲ್ಲ ಅಂತ ಯಾವ ನಿಯಮವೂ ಇಲ್ಲ. ಚಾರ್ನ್ಲಿ ಅವರ ಥಿಯರಿ ತಪ್ಪಿರಲಿಲ್ಲ, ಟಾರ್ಕ್ ಲೆಕ್ಕವೂ ತಪ್ಪಿರಲಿಲ್ಲ. ಅವರು ಅಳೆದದ್ದು ಒಂದನ್ನ, ಪೇಷಂಟ್ ಒಳಗೆ ಕೈಕೊಟ್ಟದ್ದು ಇನ್ನೊಂದು. ಒಬ್ಬ ಮನುಷ್ಯ ಒಂದು ಕಾಲಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆ ಹಾಕ್ತಾನೆ. ಅಷ್ಟು ಹೆಜ್ಜೆ ಹಾಕಿದ ಮೇಲೆ ಏನಾಗುತ್ತೆ ಅನ್ನೋ ಪರೀಕ್ಷೆ ಮನುಷ್ಯರ ಒಳಗೇ ನಡೆದುಬಿಟ್ಟಿತ್ತು.

ಸುಮಾರು ಮುನ್ನೂರು ಜನ. ಮುನ್ನೂರು ಅನ್ನೋದು ನಮಗೆ ಒಂದು ಡೇಟಾ ಪಾಯಿಂಟ್ ತರಹ ಕೇಳಿಸುತ್ತೆ. ನಮ್ಮ ಅಜ್ಜಿ ತರಹದವರು ಮುನ್ನೂರು ಜನ ಅಂತ ಯೋಚಿಸಿ ನೋಡಿ. ಎಲ್ಲರೂ ಇವರನ್ನ ನಂಬಿ ಮಲಗಿದ್ದವರು. ಒಂದೆರಡು ವರ್ಷ ಇವರಿಗೆ ಕೈಮುಗಿದವರು.

ಚಾರ್ನ್ಲಿ ಮುಂದೆ ದಾರಿಗಳಿದ್ದವು. ಪೇಷಂಟ್‌ಗಳ ವಯಸ್ಸಿನ ಮೇಲೆ ಹಾಕಬಹುದಿತ್ತು. ಪ್ಲಾಸ್ಟಿಕ್ ಸಪ್ಲೈ ಸರಿ ಇರಲಿಲ್ಲ ಅನ್ನಬಹುದಿತ್ತು. ಕೇಸುಗಳನ್ನ ಜೂನಿಯರ್‌ಗಳಿಗೆ ದಾಟಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಪೇಷಂಟ್‌ಗಳನ್ನ ಕರೆಸಿ, ತಾವು ಹಾಕಿದ್ದನ್ನ ತಾವೇ ತೆಗೆಯೋ ಕೆಲಸಕ್ಕೆ ಕೈ ಹಾಕಿದರು. ಹೀಗೆ ಎರಡನೇ ಸಲ ಮಾಡೋ ಆಪರೇಷನ್ ಮೊದಲನೇದಕ್ಕಿಂತ ತುಂಬಾ ಕಷ್ಟ. ಪ್ರತಿಯೊಂದರಲ್ಲೂ ತಮ್ಮ ತಪ್ಪನ್ನ ಕಣ್ಣಾರೆ ನೋಡಬೇಕಿತ್ತು.

ಇನ್ನೊಂದು ಕೆಲಸ ಮಾಡಿದರು. ಪ್ಲಾಸ್ಟಿಕ್ ಚೂರುಗಳಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತೆ ಅಂತ ತಿಳಿಯೋಕೆ ತಮ್ಮ ತೊಡೆಯ ಚರ್ಮದ ಕೆಳಗೇ ಅವನ್ನ ಇಡಿಸಿಕೊಂಡರು. ಟೆಫ್ಲಾನ್ ಇಟ್ಟ ಕಡೆ ಗಂಟು ಎದ್ದಿತು. 1963ರಲ್ಲಿ ಇದನ್ನೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಎಲ್ಲರಿಗೂ ಹೇಳಿದರು. ಗೆದ್ದದ್ದನ್ನ ಬರೆದ ಪತ್ರಿಕೆಯಲ್ಲೇ ಸೋತದ್ದನ್ನೂ ಬರೆದರು.

ಮಗ್ಗದ ಗೇರಿನಿಂದ ಬಂದ ಪ್ಲಾಸ್ಟಿಕ್

ಈಗ ಈ ಕಥೆಯ ನನ್ನ ಫೇವರಿಟ್ ಪಾತ್ರ ಬರ್ತಾರೆ. ಹ್ಯಾರಿ ಕ್ರೇವನ್. ಡಾಕ್ಟರ್ ಅಲ್ಲ, ವಿಜ್ಞಾನಿ ಅಲ್ಲ. 1958ರಿಂದ ಚಾರ್ನ್ಲಿ ಜೊತೆಗಿದ್ದ ಟೆಕ್ನಿಷಿಯನ್. ಚಾರ್ನ್ಲಿ ಕಾಗದದ ಮೇಲೆ ಗೀಚಿದ್ದನ್ನ ಲೋಹದಲ್ಲಿ ಮಾಡಿ ಕೊಡುತ್ತಿದ್ದವರು. ಪ್ಲಾಸ್ಟಿಕ್ ಎಷ್ಟು ಸವೆಯುತ್ತೆ ಅಂತ ಹಗಲು ರಾತ್ರಿ ಉಜ್ಜಿ ನೋಡೋ ಮೆಷಿನ್ ಒಂದನ್ನೂ ಅವರೇ ಮಾಡಿದ್ದರು.

1962ರ ಮೇ ತಿಂಗಳಲ್ಲಿ ಒಬ್ಬ ಸೇಲ್ಸ್‌ಮನ್ ರೈಟಿಂಗ್ಟನ್ ವರ್ಕ್‌ಶಾಪಿಗೆ ಬಂದ. ಲ್ಯಾಂಕಷೈರಿನ ಗಿರಣಿಗಳ ಮಗ್ಗಕ್ಕೆ ಪ್ಲಾಸ್ಟಿಕ್ ಗೇರುಗಳನ್ನ ಮಾರುವವನು. ಜರ್ಮನಿಯಿಂದ ಬರುತ್ತಿದ್ದ ಹೊಸ ತರಹದ ಪಾಲಿಎಥಿಲೀನ್, ಅಣುಸರಪಳಿ ತುಂಬಾ ಉದ್ದ ಇರೋದು. ನಮ್ಮ ಪ್ಲಾಸ್ಟಿಕ್ ಬಕೆಟ್ಟು, ಕವರುಗಳ ದೂರದ ಸಂಬಂಧಿ. ಕ್ರೇವನ್ ಒಂದು ತುಂಡು ತಗೊಂಡು ಚಾರ್ನ್ಲಿಗೆ ತೋರಿಸಿದರು. ಚಾರ್ನ್ಲಿ ಹೆಬ್ಬೆರಳ ಉಗುರು ಒತ್ತಿ ನೋಡಿದರು, ಗುರುತು ಬಿತ್ತು. ಇಷ್ಟು ಮೆತ್ತಗಿರೋದು ಏನು ತಡೆಯುತ್ತೆ, ಸುಮ್ಮನೆ ಟೈಮ್ ವೇಸ್ಟ್ ಅಂತ ಹೇಳಿ ಹೋಗಿಬಿಟ್ಟರು.

ಬಾಸ್ ಬೇಡ ಅಂದ ಮೇಲೆ ಬಿಟ್ಟುಬಿಡಬಹುದಿತ್ತು. ಕ್ರೇವನ್ ಬಿಡಲಿಲ್ಲ. ಚಾರ್ನ್ಲಿ ಊರಲ್ಲಿ ಇಲ್ಲದಾಗ ಆ ತುಂಡನ್ನ ಮೆಷಿನ್ನಿಗೆ ಹಾಕಿ ಓಡಿಸಿದರು. ಒಂದು ದಿನ, ಎರಡು ದಿನ, ಒಂದು ವಾರ. ಚಾರ್ನ್ಲಿ ವಾಪಸ್ ಬಂದು ನೋಡಿದರು. ಮೂರು ವಾರ ಹಗಲು ರಾತ್ರಿ ಓಡಿದ ಮೇಲೂ ಆ ವಸ್ತು, ಟೆಫ್ಲಾನ್ 24 ಗಂಟೆಯಲ್ಲಿ ಸವೆಯುತ್ತಿದ್ದಷ್ಟೂ ಸವೆದಿರಲಿಲ್ಲ. ಟೆಫ್ಲಾನ್‌ನಷ್ಟು ಜಾರೋದಿಲ್ಲ, ಆದರೆ ಸವೆಯೋದಿಲ್ಲ. ಉಗುರಿಗೆ ಮೆತ್ತಗೆ, ಲೋಹಕ್ಕೆ ಗಟ್ಟಿ. ಉಗುರು ತೋರಿಸಿದ್ದು ಹಾರ್ಡ್‌ನೆಸ್, ಮೆಷಿನ್ ತೋರಿಸಿದ್ದು ಸವೆತ. ಮತ್ತೆ ಅದೇ ಪಾಠ.

ಚಾರ್ನ್ಲಿ ತಮ್ಮ ತಪ್ಪನ್ನ ತಕ್ಷಣ ಒಪ್ಪಿಕೊಂಡರು. ಈ ವಸ್ತುವನ್ನೂ ತಮ್ಮ ತೊಡೆಯಲ್ಲಿ ಇಡಿಸಿಕೊಂಡು ನೋಡಿದರು, ಏನೂ ಆಗಲಿಲ್ಲ. 1962ರ ನವೆಂಬರಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲನ್ನ ಪೇಷಂಟ್ ಒಬ್ಬರಿಗೆ ಹಾಕಿದರು. ಇವತ್ತು ಪ್ರಪಂಚದಲ್ಲಿ ಹಾಕುವ ಬಹುಪಾಲು ಸೊಂಟದ ಮತ್ತು ಮಂಡಿಯ ಕೃತಕ ಕೀಲುಗಳಲ್ಲಿ ಇರೋದು ಇದೇ ವಸ್ತುವಿನ ವಂಶ. ಈಗ ವಿಕಿರಣ ಹಾಯಿಸಿ ಅಣುಸರಪಳಿಗಳನ್ನ ಒಂದಕ್ಕೊಂದು ಹೆಣೆದು ಇನ್ನೂ ಕಡಿಮೆ ಸವೆಯೋ ಹಾಗೆ ಮಾಡಿದ್ದಾರೆ. ಅಜ್ಜಿಯ ಎಕ್ಸ್‌ರೇಯ ಆ ಕಪ್ಪು ಜಾಗ ಅದೇ.

ಸಾಧಿಸಿದ ಮೇಲೆ ತೋರಿಸಿದ ತಾಳ್ಮೆ

ಒಮ್ಮೆ ಸುಟ್ಟುಕೊಂಡವರು ಎರಡನೇ ಸಲ ಹುಷಾರು. ಹೊಸ ಕೀಲು ಚೆನ್ನಾಗಿದೆ ಅಂತ ಗೊತ್ತಾದ ಮೇಲೂ ಚಾರ್ನ್ಲಿ ಅದನ್ನ ಕೂಡಲೇ ಮಾರುಕಟ್ಟೆಗೆ ಬಿಡಲಿಲ್ಲ. ಲೀಡ್ಸ್‌ನ ಥ್ಯಾಕ್ರೆ ಕಂಪನಿ ಕೀಲು ತಯಾರಿಸುತ್ತಿತ್ತು. ಆದರೆ ವರ್ಷಗಟ್ಟಲೆ ಕಾಲ, ರೈಟಿಂಗ್ಟನ್‌ಗೆ ಬಂದು ವಿಧಾನ ಕಲಿತ ಸರ್ಜನ್‌ಗಳಿಗೆ ಮಾತ್ರ ಮಾರಬೇಕು ಅನ್ನೋ ಕಟ್ಟುನಿಟ್ಟು. ದುಡ್ಡಿನ ದೃಷ್ಟಿಯಿಂದ ನೋಡಿದರೆ ಹುಚ್ಚುತನ. ಅಷ್ಟರಲ್ಲಿ ಬೇರೆಯವರು ತಮ್ಮ ತಮ್ಮ ಡಿಸೈನ್ ಮಾರ್ತಾ ಇದ್ದರು. ಇವರು ಕಾದರು.

ಪೇಷಂಟ್‌ಗಳ ಹತ್ತಿರ ಇನ್ನೊಂದು ವಿಚಿತ್ರ ಕೋರಿಕೆ ಇಡುತ್ತಿದ್ದರು: ನೀವು ಸತ್ತ ಮೇಲೆ ಆ ಕೀಲನ್ನ ನಮಗೆ ವಾಪಸ್ ಕೊಡಿ. ಕೇಳೋಕೆ ಒಂಥರಾ ಅನ್ನಿಸುತ್ತೆ. ಆದರೆ ಅನೇಕರು ಒಪ್ಪಿದರು. ಹತ್ತು ವರ್ಷ ನಡೆದ ಕೀಲು ಒಳಗೆ ಎಷ್ಟು ಸವೆದಿದೆ, ಸಿಮೆಂಟ್ ಮತ್ತು ಮೂಳೆ ಹೇಗೆ ಹೊಂದಿಕೊಂಡಿವೆ ಅಂತ ತಿಳಿಯೋಕೆ ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಇರಲಿಲ್ಲ.

ಸೋಂಕಿನ ಮೇಲೂ ಅದೇ ಹಠ. ಶುರುವಿನ ವರ್ಷಗಳಲ್ಲಿ ನೂರಕ್ಕೆ ಏಳರಷ್ಟು ಆಪರೇಷನ್‌ಗಳಿಗೆ ಸೋಂಕು ಹತ್ತುತ್ತಿತ್ತು. ಕೀಲಿಗೆ ಸೋಂಕು ಹತ್ತಿದರೆ ಹಾಕಿದ್ದನ್ನೆಲ್ಲ ತೆಗೀಬೇಕು. ಚಾರ್ನ್ಲಿ ಗಾಳಿಯ ಮೇಲೆ ಅನುಮಾನ ಪಟ್ಟರು. ಸ್ಥಳೀಯ ವೆಂಟಿಲೇಷನ್ ಇಂಜಿನಿಯರ್‌ಗಳ ಜೊತೆ ಸೇರಿ ಆಪರೇಷನ್ ಥಿಯೇಟರ್ ಒಳಗೇ ಗಾಜಿನ ಮನೆ ತರಹದ ಒಂದು ಗೂಡು ಕಟ್ಟಿಸಿದರು. ಮೇಲಿನಿಂದ ಫಿಲ್ಟರ್ ಆದ ಗಾಳಿ ಒಂದೇ ಸಮನೆ ಕೆಳಗೆ ಇಳಿಯುತ್ತೆ. ಸರ್ಜನ್‌ಗಳು ಪೂರ್ತಿ ಮುಚ್ಚುವ ಗೌನ್ ಹಾಕಿ, ಅವರ ಉಸಿರನ್ನ ಪೈಪಿನಲ್ಲಿ ಹೊರಗೆ ಎಳೆಯೋ ವ್ಯವಸ್ಥೆ. ನೋಡೋಕೆ ಅಂತರಿಕ್ಷಯಾನಿಗಳ ಹಾಗೆ. ಇಂಥ ಕ್ರಮಗಳಿಂದ ಸೋಂಕು ವರ್ಷ ಕಳೆದ ಹಾಗೆ ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಮಿನಾರ್ ಫ್ಲೋ ಥಿಯೇಟರ್ ಅಂತ ಬೋರ್ಡ್ ನೋಡಿದರೆ ಇವರನ್ನ ನೆನೆಸಿಕೊಳ್ಳಬಹುದು.

ಮಂಡಿಯ ಕಥೆಗೂ ರೈಟಿಂಗ್ಟನ್ ಸೇರುತ್ತೆ. ಕೆನಡಾದಿಂದ ಬಂದ ಫ್ರ್ಯಾಂಕ್ ಗನ್‌ಸ್ಟನ್ ಮೊದಲು ಇಂಜಿನಿಯರಿಂಗ್ ಓದಿ ಆಮೇಲೆ ಡಾಕ್ಟರ್ ಆದವರು. 1960ರ ದಶಕದ ಕೊನೆಗೆ ಅಲ್ಲಿದ್ದಾಗ, ಮಂಡಿ ಬಾಗಿಲ ಕೀಲಿನಂತೆ ಒಂದೇ ಅಕ್ಷದ ಮೇಲೆ ತಿರುಗಲ್ಲ, ಮಡಚುವಾಗ ಅಕ್ಷವೇ ಜರುಗುತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು, ಚಾರ್ನ್ಲಿ ಅವರ ಲೋಹ, ಪಾಲಿಎಥಿಲೀನ್, ಸಿಮೆಂಟ್ ಇದನ್ನೇ ಬಳಸಿ ಹೊಸ ಮಂಡಿ ಮಾಡಿದರು. ಇವತ್ತಿನ ಮಂಡಿ ಬದಲಾವಣೆಯ ದಾರಿಯಲ್ಲಿ ಅದೊಂದು ಮುಖ್ಯ ಮೈಲಿಗಲ್ಲು.

ಗೌರವಗಳು ಬಂದವು. 1974ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ, 1977ರಲ್ಲಿ ಸರ್ ಪದವಿ. 1979ರಲ್ಲಿ ಅನುಭವವನ್ನೆಲ್ಲ ಒಂದು ಪುಸ್ತಕವಾಗಿ ಬರೆದರು. 1982ರ ಆಗಸ್ಟ್ 5ರಂದು ತೀರಿಕೊಂಡರು. ಎಪ್ಪತ್ತೊಂದು ತುಂಬೋಕೆ ಇನ್ನು ಕೆಲವೇ ದಿನ ಇತ್ತು.

ಅಜ್ಜಿಯ ಸೆನ್ಸರ್

ಚಾರ್ನ್ಲಿ ಕಾಲದಲ್ಲಿ ಆಪರೇಷನ್ ಆದ ಮೇಲೆ ದಿನಗಟ್ಟಲೆ ಹಾಸಿಗೆಯಲ್ಲೇ ಇರಬೇಕಿತ್ತು. ಗುಂಡು ಜಾರಿ ಹೊರಗೆ ಬರಬಾರದು ಅಂತ ಎರಡು ಕಾಲಿನ ಮಧ್ಯೆ ತ್ರಿಕೋನದ ಒಂದು ದಿಂಬು ಕಟ್ಟುತ್ತಿದ್ದರು. ಅದಕ್ಕೆ ಈಗಲೂ ಚಾರ್ನ್ಲಿ ದಿಂಬು ಅಂತಲೇ ಹೆಸರು. ನಮ್ಮಜ್ಜಿಯನ್ನ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಮನೆಗೆ ಬರುವಾಗ ತೊಡೆಗೆ ಕಟ್ಟೋ ಒಂದು ಸಣ್ಣ ಸೆನ್ಸರ್ ಕೊಟ್ಟರು. ಅದರೊಳಗೆ ಇರೋದು ನಮ್ಮ ಮೊಬೈಲಿನಲ್ಲಿರೋ ಅಂಥದ್ದೇ ಆಕ್ಸೆಲೆರೋಮೀಟರ್, ಗೈರೋಸ್ಕೋಪ್. ಕಾಲು ಎಷ್ಟು ಡಿಗ್ರಿ ಎತ್ತಿದರು, ಎಷ್ಟು ಸಲ ಎತ್ತಿದರು, ದಿನಕ್ಕೆ ಎಷ್ಟು ಹೆಜ್ಜೆ, ಎಲ್ಲ ಆ್ಯಪ್‌ಗೆ ಹೋಗುತ್ತೆ. ಫಿಸಿಯೋಥೆರಪಿ ಮೇಡಂ ಅಲ್ಲಿಂದಲೇ ನೋಡಿ ಫೋನ್ ಮಾಡ್ತಾರೆ. ಅಜ್ಜಿಗೆ ಇದು ಮೊದಲು ಪೊಲೀಸ್ ಕಾವಲಿನ ಹಾಗೆ ಅನ್ನಿಸಿತ್ತು. ಆಮೇಲೆ ಹಸಿರು ಟಿಕ್ ಬರಲಿಲ್ಲ ಅಂದರೆ ಅವರೇ ಎದ್ದು ಇನ್ನೊಂದು ಸುತ್ತು ಹಾಕೋಕೆ ಶುರು ಮಾಡಿದರು.

ಇದು ತೀರಾ ಹೊಸದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಚಾರ್ನ್ಲಿ ಕೂಡ ಇದನ್ನೇ ಮಾಡುತ್ತಿದ್ದರು, ಪೆನ್ನು ಕಾಗದದಲ್ಲಿ. ನೋವು ಎಷ್ಟು, ನಡಿಗೆ ಎಷ್ಟು, ಕೀಲು ಎಷ್ಟು ಆಡುತ್ತೆ, ಮೂರಕ್ಕೂ ತಲಾ 6ರವರೆಗೆ ಅಂಕ. ಫ್ರೆಂಚ್ ಸರ್ಜನ್‌ಗಳ ಪದ್ಧತಿಗೆ ಇವರು ಒಂದು ತಿದ್ದುಪಡಿ ಸೇರಿಸಿದರು. ಒಂದೇ ಸೊಂಟ ಕೆಟ್ಟವರು, ಎರಡೂ ಕೆಟ್ಟವರು, ಬೇರೆ ಕಾಯಿಲೆಯಿಂದಲೂ ನಡೆಯಲಾಗದವರು ಅಂತ ಎ, ಬಿ, ಸಿ ಮೂರು ಗುಂಪು. ಯಾಕೆ? ಹೃದಯದ ತೊಂದರೆಯಿಂದ ನಡೆಯಲಾಗದವರನ್ನ ಕೀಲಿನ ಲೆಕ್ಕಕ್ಕೆ ಸೇರಿಸಿ ನಮಗೆ ನಾವೇ ಮೋಸ ಮಾಡಿಕೊಳ್ಳಬಾರದಲ್ಲ, ಅದಕ್ಕೆ. ಟೆಫ್ಲಾನ್ ಕಲಿಸಿದ ಪಾಠ ಅದು: ಸರಿಯಾದದ್ದನ್ನ ಅಳೀ, ತುಂಬಾ ದಿನ ಅಳೀ.

ನಾವು ಇನ್ನೆರಡು ವರ್ಷದಲ್ಲಿ ಏನಾದರೂ ಮಾಡ್ತೀವಿ, ಆ್ಯಪ್ಪೋ, ಗೇರೋ, ಸೇತುವೆಯೋ. ಎಲ್ಲೋ ಒಂದು ಕಡೆ ತಪ್ಪೂ ಆಗುತ್ತೆ. ಆಗ ನಮ್ಮ ಕ್ರೇವನ್ ಯಾರು, ಅವರ ಮಾತು ಕೇಳ್ತೀವಾ, ವಾಪಸ್ ಬಂದವರಿಗೆ ಬಾಗಿಲು ತೆಗೀತೀವಾ ಅನ್ನೋದನ್ನ ನಾನು ಈಗಲೇ ಕೇಳಿಕೊಳ್ತಾ ಇದ್ದೀನಿ.

ಹೋದ ವಾರ ಊರಿಗೆ ಹೋದಾಗ ಅಜ್ಜಿ ಕೋಲಿಲ್ಲದೆ ಗೇಟಿನ ತನಕ ಬಂದರು. ಗುಂಡು ಯಾಕೆ ಬೀಳಲ್ಲ ಅಂತ ಕೊನೆಗೂ ಹೇಳಿದೆ, ಮಗ್ಗದ ಗೇರಿನ ಕಥೆ ಸಮೇತ. ಪೂರ್ತಿ ಕೇಳಿಸಿಕೊಂಡು, ಆ ಮೆಷಿನ್ ಓಡಿಸಿದ ಹುಡುಗನಿಗೆ ಪ್ರೈಜ್ ಕೊಟ್ಟರಾ ಅಂತ ಕೇಳಿದರು.